ನ್ಯಾಸವೂ ಆಪದ್ಧರ್ಮವೂ

ಆಸ್ಪತ್ರೆಯಲ್ಲಿಯೇ ಸೋಂಕು ತಗುಲಿದ ಹಸುಳೆಗೆ ಯಾವ ಔಷಧವನ್ನು ಕೊಡತಕ್ಕದ್ದೆಂಬ ಪ್ರಶ್ನೆಯು ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದುದೆಂದು ಮೇಲುನೋಟಕ್ಕೆ ತೋರಬಹುದು. ವಿಚಾರಿಸಿದರೆ ಅದು ಧರ್ಮಸೂಕ್ಷ್ಮದ ಪ್ರಶ್ನೆಯೂ ಅಹುದು.

ನವಜಾತ ಶಿಶುವು ತನ್ನ ಬಾಧೆಯನ್ನು ಹೇಳಲರಿಯದು. ಹಾಲೊಲ್ಲದಿರುವುದು, ಮೈ ತಣ್ಣಗಾಗುವುದು, ಉಸಿರು ತಡೆಯುವುದು, ಇಷ್ಟೇ ಲಕ್ಷಣ. ರಕ್ತದಲ್ಲಿರುವ ಕ್ರಿಮಿಯನ್ನು ಬೆಳೆಯಿಸಿ ನೋಡುವುದಕ್ಕೆ ಒಂದೆರಡು ದಿನಗಳು ಬೇಕು. ಮಗುವಿಗೆ ಅಷ್ಟು ವ್ಯವಧಾನವಿಲ್ಲ. ವೈದ್ಯನು ಶತ್ರುವನ್ನು ಕಾಣುವ ಮೊದಲೇ ಬಾಣವನ್ನು ಆರಿಸಬೇಕಾಗುತ್ತದೆ. ಇದು ಆಪದ್ಧರ್ಮ, ಇದನ್ನು ದೂಷಿಸುವವರಾರು?

ತೊಡಕಿರುವುದು ಬಾಣದ ಆಯ್ಕೆಯಲ್ಲಿ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ತೀವ್ರನಿಗಾ ವಿಭಾಗವನ್ನು ಸೇರಿದ 13,530 ಶಿಶುಗಳ ಪರಿಶೀಲನೆಯು 2016ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಚ್ಚಾಗಿ ಕಂಡುಬಂದ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಎಂಬ ಕ್ರಿಮಿಗಳಲ್ಲಿ ಬಹುಭಾಗವು ಹಲವು ಔಷಧಗಳಿಗೆ ಮಣಿಯದವಾಗಿದ್ದುವು. ಹೊರಗೆ ಕಾದು ಕುಳಿತ ತಂದೆಯು 'ಇರುವುದರಲ್ಲಿ ಪ್ರಬಲವಾದುದನ್ನೇ ಕೊಡಿರಿ' ಎನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪಿಲ್ಲ. ಆದರೆ ಮೆರೊಪೆನೆಮ್ಮಿನಂತಹ ಔಷಧವನ್ನು ಸಂಶಯಮಾತ್ರದಿಂದ ಎಲ್ಲರಿಗೂ ಕೊಡುತ್ತ ಬಂದರೆ, ಅದಕ್ಕೂ ಸಾಯದ ಕ್ರಿಮಿಯೇ ಉಳಿದು, ಆರೈಕೆ ಮಾಡುವವರ ಕೈಯಿಂದಲೇ ಪಕ್ಕದ ತೊಟ್ಟಿಲಿಗೆ ದಾಟುತ್ತದೆ. ಆ ಮಗುವಿಗೆ ಉಳಿಯುವುದು ಮೂತ್ರಪಿಂಡವನ್ನು ಬಾಧಿಸಬಲ್ಲ ಕೊಲಿಸ್ಟಿನ್ನಿನಂತಹ ಒಂದೆರಡು ಮದ್ದು ಮಾತ್ರ.

ಕರುಣೆಯೊಂದೇ ಸಾಲದೆಂಬುದಕ್ಕೆ ಹಳೆಯ ನಿದರ್ಶನವೊಂದುಂಟು. ಸೋಂಕು ಬಾರದಿರಲೆಂದು ಅಮೆರಿಕೆಯಲ್ಲಿ ಅಕಾಲಜಾತ ಶಿಶುಗಳಿಗೆ ಕ್ಲೋರಾಂಫೆನಿಕಾಲ್ ಕೊಡುತ್ತಿದ್ದರು. ಅದನ್ನು ಪಡೆದವರಲ್ಲಿ ನೂರಕ್ಕೆ ಅರವತ್ತಕ್ಕೂ ಮಿಕ್ಕು ಶಿಶುಗಳು ತೀರಿಕೊಂಡುವೆಂದೂ, ಏನನ್ನೂ ಪಡೆಯದವರಲ್ಲಿ ಸಾವು ಬಹಳ ಕಡಮೆಯೆಂದೂ 1959ರಲ್ಲಿ ತಿಳಿದುಬಂದಿತು. ಎಳೆಯ ಯಕೃತ್ತಿಗೆ ಆ ಮದ್ದನ್ನು ಜೀರ್ಣಿಸುವ ಶಕ್ತಿಯಿರಲಿಲ್ಲ. ಕೊಟ್ಟವರು ಕ್ರೂರರಲ್ಲ, ಪಾಪ.

ಪರರು ನಂಬಿ ಇರಿಸಿದ ಒಡವೆಯನ್ನು ಧರ್ಮಶಾಸ್ತ್ರವು ನ್ಯಾಸವೆನ್ನುತ್ತದೆ. ಪ್ರಬಲೌಷಧವು ಇನ್ನೂ ಹುಟ್ಟದ ಶಿಶುಗಳ ನ್ಯಾಸ. ಹಾಗೆಂದು, ಕಾಣದ ಮಗುವಿಗಾಗಿ ಕಣ್ಣೆದುರಿನ ಮಗುವನ್ನು ಬಲಿಗೊಡಬಹುದೆ? ಸರ್ವಥಾ ಕೂಡದು. ತನ್ನ ವಿಭಾಗದಲ್ಲಿ ಹಿಂದೆ ಕಂಡ ಕ್ರಿಮಿಗಳ ಲೆಕ್ಕವನ್ನು ನೋಡಿ ವೈದ್ಯನು ತಡೆಯದೆ ಆರಂಭಿಸಲಿ. ಕ್ರಿಮಿಯ ಗುರುತು ಸಿಕ್ಕಿದರೆ ಅದಕ್ಕೆ ಸಾಕಾಗುವ ಸಣ್ಣ ಮದ್ದಿಗೆ ಇಳಿಯಲಿ. ಎರಡು ದಿನ ಕಳೆದರೂ ಏನೂ ಬೆಳೆಯದೆ, ಮಗುವೂ ಚೇತರಿಸಿದ್ದರೆ, ನಿಲ್ಲಿಸಲಿ. ಕಠಿನವಾದುದು ಇದೇ. ಕೊಟ್ಟ ಮದ್ದಿಗಾಗಿ ವೈದ್ಯನನ್ನು ಬೈಯುವವರು ವಿರಳ. ನಿಲ್ಲಿಸಿದ ರಾತ್ರಿಯೇ ಮಗುವಿಗೆ ಜ್ವರ ಬಂದರೆ ತಾಯಿಗೆ ಉತ್ತರ ಹೇಳಬೇಕಾದವನು ಅವನೊಬ್ಬನೇ.