ಕಳ್ಳಿಯ ಪ್ರಸಾದ, ಕಾಂಗ್ರೆಸ್ಸಿನ ಕಾನೂನು

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ಅಂಚಿನಲ್ಲಿ, ಮೆಕ್ಸಿಕೊ ಗಡಿಯ ಒಣನೆಲದಲ್ಲಿ, ಮುಳ್ಳಿಲ್ಲದ ಪುಟ್ಟ ಕಳ್ಳಿಯೊಂದು ಬೆಳೆಯುತ್ತದೆ. ಹೆಸರು ಪೆಯೋಟಿ. ತಿಂದರೆ ಬಾಯೆಲ್ಲ ಕಹಿ, ಹೊಟ್ಟೆ ತೊಳೆಸುತ್ತದೆ. ಅದರಲ್ಲಿರುವ ಮೆಸ್ಕಲಿನ್ ಎಂಬ ರಾಸಾಯನಿಕ ಎದುರಿಗೆ ಇಲ್ಲದ್ದನ್ನು ಕಣ್ಣಿಗೆ ಕಾಣಿಸುತ್ತದೆ. ಕೇಂದ್ರ ಸರ್ಕಾರದ ನಿಷಿದ್ಧ ಮಾದಕಗಳ ಪಟ್ಟಿಯಲ್ಲಿ ಅದು ಹೆರಾಯಿನ್ ಇರುವ ಸಾಲಿನಲ್ಲೇ ಇದೆ. 1918ರಲ್ಲಿ ಒಕ್ಲಹೋಮದಲ್ಲಿ ನೋಂದಣಿಯಾದ ನೇಟಿವ್ ಅಮೆರಿಕನ್ ಚರ್ಚಿನವರಿಗೆ ಅದೇ ಕಳ್ಳಿ ಪ್ರಸಾದ. ರಾತ್ರಿಯಿಡೀ ಬೆಂಕಿಯ ಸುತ್ತ ಕೂತು, ಡೋಲು ಬಡಿದು ಹಾಡುತ್ತ ಅವರು ಅದನ್ನು ಸೇವಿಸುತ್ತಾರೆ. ಪೂಜೆಯ ಹೊರಗೆ ಅದನ್ನು ಮುಟ್ಟುವುದು ಅವರಲ್ಲಿ ಅಪಚಾರ.

ಆಲ್ ಸ್ಮಿತ್ ಕ್ಲಾಮತ್ ಬುಡಕಟ್ಟಿನವರು. ಕುಡಿತಕ್ಕೆ ಬಿದ್ದು ಎದ್ದು ಬಂದವರು. ಒರೆಗಾನ್ ರಾಜ್ಯದ ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಇತರರಿಗೆ ಚಟ ಬಿಡಿಸುವ ಸಮಾಲೋಚಕರಾಗಿದ್ದರು. ಸಹೋದ್ಯೋಗಿ ಗೇಲನ್ ಬ್ಲ್ಯಾಕ್ ಬುಡಕಟ್ಟಿನವರಲ್ಲದಿದ್ದರೂ ಈ ಚರ್ಚಿನ ಪೂಜೆಗೆ ಹೋಗಿದ್ದರು. ಇಬ್ಬರೂ ಪೆಯೋಟಿ ಸೇವಿಸಿದರು, ಇಬ್ಬರಿಗೂ ಕೆಲಸ ಹೋಯಿತು. ನಿರುದ್ಯೋಗ ಭತ್ಯೆ ಕೇಳಿದಾಗ, ದುರ್ನಡತೆಯಿಂದ ಕೆಲಸ ಕಳೆದುಕೊಂಡವರಿಗೆ ಅದು ಸಿಗದು ಎಂದು ರಾಜ್ಯ ನಿರಾಕರಿಸಿಬಿಟ್ಟಿತು. ಆ ಪುಡಿಗಾಸಿನ ಜಗಳ 1990ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗುವ ಹೊತ್ತಿಗೆ ಹಳೆಯ ಪ್ರಶ್ನೆಯೊಂದರ ಬುಡಕ್ಕೇ ಕೈ ಹಾಕಿತ್ತು. ಎಲ್ಲರಿಗೂ ಒಂದೇ ಎಂದು ಮಾಡಿದ ಕಾನೂನು ಒಬ್ಬನ ದೇವರಿಗೆ ಅಡ್ಡ ಬಂದರೆ ದಾರಿ ಬಿಡಬೇಕಾದವರು ಯಾರು? ದಾರಿ ಬಿಡು ಎಂದು ಹೇಳುವ ಅಧಿಕಾರ ಮತ ಎಣಿಸಿ ಕಾನೂನು ಮಾಡುವ ಸದನದ್ದೋ, ಮತಕ್ಕೆ ನಿಲ್ಲದ ನ್ಯಾಯಾಧೀಶರದ್ದೋ?

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಹಕ್ಕುಗಳ ಪಟ್ಟಿ ಶುರುವಾಗುವುದೇ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಯಾವ ಕಾನೂನನ್ನು ಮಾಡಕೂಡದು ಎಂಬುದರಿಂದ. ಮೊದಲ ತಿದ್ದುಪಡಿಯ ಮೊದಲ ಮಾತೇ ಧರ್ಮದ್ದು: ಸರ್ಕಾರ ಒಂದು ಮತವನ್ನು ಸ್ಥಾಪಿಸಬಾರದು, ಮತಾಚರಣೆಯ ಸ್ವಾತಂತ್ರ್ಯಕ್ಕೆ ಅಡ್ಡಿ ಮಾಡಬಾರದು. ಇದರ ಬೇರು ವರ್ಜೀನಿಯಾದಲ್ಲಿದೆ. ಕ್ರೈಸ್ತ ಬೋಧಕರ ಪೋಷಣೆಗೆ ಜನರಿಂದ ತೆರಿಗೆ ಎತ್ತುವ ಮಸೂದೆಯನ್ನು ಪ್ಯಾಟ್ರಿಕ್ ಹೆನ್ರಿ ತಂದಾಗ ಜೇಮ್ಸ್ ಮ್ಯಾಡಿಸನ್ 1785ರಲ್ಲಿ ಅದರ ವಿರುದ್ಧ ಮನವಿಪತ್ರ ಬರೆದರು. ಸೃಷ್ಟಿಕರ್ತನಿಗೆ ಮನುಷ್ಯ ಸಲ್ಲಿಸಬೇಕಾದ ಋಣ ನಾಗರಿಕ ಸಮಾಜಕ್ಕಿಂತ ಹಿಂದಿನದು, ಅದಕ್ಕಿಂತ ಮೇಲಿನದು ಎಂಬುದು ಅವರ ವಾದ. ಮರುವರ್ಷ ಅಲ್ಲಿನ ಶಾಸನಸಭೆ ಥಾಮಸ್ ಜೆಫರ್ಸನ್ ಬರೆದಿದ್ದ ಧಾರ್ಮಿಕ ಸ್ವಾತಂತ್ರ್ಯದ ಶಾಸನವನ್ನು ಅಂಗೀಕರಿಸಿತು. ಜೆಫರ್ಸನ್ ತಮ್ಮ ಗೋರಿಯ ಮೇಲೆ ಕೆತ್ತಬೇಕೆಂದು ಬರೆದಿಟ್ಟ ಮೂರು ಸಾಧನೆಗಳಲ್ಲಿ ಇದೂ ಒಂದು. ಎಂಟು ವರ್ಷ ಅಧ್ಯಕ್ಷರಾಗಿದ್ದುದು ಆ ಪಟ್ಟಿಯಲ್ಲಿಲ್ಲ.

ಋಣ ಮೇಲಿನದು, ಸರಿ. ಆದರೆ ಎಲ್ಲಿಯವರೆಗೆ? 1879ರಲ್ಲಿ ಜಾರ್ಜ್ ರೆನಾಲ್ಡ್ಸ್ ಎಂಬ ಮಾರ್ಮನ್ ಪಂಥೀಯ, ಬಹುಪತ್ನಿತ್ವ ತನ್ನ ಧರ್ಮಕರ್ತವ್ಯ ಎಂದು ವಾದಿಸಿದರು. ಮುಖ್ಯ ನ್ಯಾಯಮೂರ್ತಿ ವೇಟ್ ನಂಬಿಕೆ ಬೇರೆ, ನಡತೆ ಬೇರೆ ಎಂದು ಗೆರೆ ಎಳೆದರು. ಅದಕ್ಕೆ ಕೊಟ್ಟ ಉದಾಹರಣೆ ಭಾರತೀಯ ಓದುಗರಿಗೆ ಥಟ್ಟನೆ ಗುರುತು ಸಿಗುವಂಥದು: ಗಂಡನ ಚಿತೆಯೇರುವುದೇ ಧರ್ಮವೆಂದು ಹೆಂಡತಿ ನಂಬಿದರೆ ಸರ್ಕಾರ ತಡೆಯಕೂಡದೇ? ರಾಜಾರಾಮ ಮೋಹನರಾಯರ ಕಾಲದ ಬಂಗಾಳದ ಚಿತೆ ಅರ್ಧ ಶತಮಾನದ ಮೇಲೆ ವಾಷಿಂಗ್ಟನ್ನಿನ ಕೋರ್ಟಿನಲ್ಲಿ ಯೂಟಾದ ಮದುವೆಯೊಂದರ ವಿರುದ್ಧ ಸಾಕ್ಷಿ ನುಡಿಯಿತು.

1963ರ ಹೊತ್ತಿಗೆ ಗಾಳಿ ಬದಲಾಗಿತ್ತು. ಶನಿವಾರ ದುಡಿಯಲಾರೆ ಎಂದು ಗಿರಣಿಯ ಕೆಲಸ ಕಳೆದುಕೊಂಡ ಅಡ್ವೆಂಟಿಸ್ಟ್ ಪಂಥದ ಅಡೆಲ್ ಶರ್ಬರ್ಟ್ ಅವರಿಗೆ ದಕ್ಷಿಣ ಕೆರೊಲಿನಾ ನಿರುದ್ಯೋಗ ಭತ್ಯೆ ನಿರಾಕರಿಸಿದ್ದು ತಪ್ಪು ಎಂದಿತು ಸುಪ್ರೀಂ ಕೋರ್ಟ್. ಮತಾಚರಣೆಗೆ ಹೊರೆ ಹೊರಿಸುವ ಸರ್ಕಾರ, ತನಗೆ ಅನಿವಾರ್ಯವಾದ ಬಲವಾದ ಕಾರಣವಿದೆಯೆಂದು ತೋರಿಸಬೇಕು ಎಂಬ ಒರೆಗಲ್ಲು ಅಂದಿನಿಂದ ಚಾಲ್ತಿಗೆ ಬಂತು. ಸ್ಮಿತ್ ನೆಚ್ಚಿಕೊಂಡದ್ದು ಇದನ್ನೇ.

ನ್ಯಾಯಮೂರ್ತಿ ಆಂಟೊನಿನ್ ಸ್ಕಲಿಯಾ ಆ ಒರೆಗಲ್ಲನ್ನು ಹೆಚ್ಚುಕಡಿಮೆ ಕಿಟಕಿಯಿಂದಾಚೆ ಎಸೆದರು. ಒಂದು ಮತವನ್ನೇ ಗುರಿಮಾಡದೆ ಎಲ್ಲರಿಗೂ ಅನ್ವಯಿಸುವ ಕಾನೂನಿದ್ದರೆ, ಅದು ಯಾರದೋ ಆಚರಣೆಗೆ ತೊಡಕಾಯಿತೆಂಬ ಕಾರಣಕ್ಕೆ ಸಂವಿಧಾನ ವಿನಾಯಿತಿ ಕೊಡುವುದಿಲ್ಲ ಎಂದು ಬರೆದರು. ವಿನಾಯಿತಿ ಬೇಕಾದವರು ಶಾಸನಸಭೆಯ ಬಾಗಿಲು ತಟ್ಟಲಿ. ಹಾಗಾದರೆ ಹೆಚ್ಚು ಜನ ಪಾಲಿಸದ ಮತಗಳಿಗೆ ಅನಾನುಕೂಲವಾಗುತ್ತದಲ್ಲ? ಆಗುತ್ತದೆ, ಅದು ಪ್ರಜಾಪ್ರಭುತ್ವದ ತಪ್ಪಿಸಲಾಗದ ಪರಿಣಾಮ ಎಂದು ಅವರೇ ಒಪ್ಪಿಕೊಂಡರು. ಆ ಮಾತಿನಲ್ಲಿ ಒರಟುತನವಿದೆ, ಮುಚ್ಚುಮರೆಯಿಲ್ಲ. ನಿಯಮಕ್ಕೆ ಸಹಿ ಹಾಕಿದವರು ಐವರು. ಫಲಿತಾಂಶವನ್ನಷ್ಟೇ ಒಪ್ಪಿದ ಸ್ಯಾಂಡ್ರಾ ಡೇ ಓಕಾನರ್ ನಿಯಮವನ್ನು ಬಲವಾಗಿ ಟೀಕಿಸಿದರು. ಮೂವರದು ಪೂರಾ ಭಿನ್ನಮತ.

ಭಿನ್ನಮತ ಬರೆದ ಹ್ಯಾರಿ ಬ್ಲ್ಯಾಕ್‌ಮನ್ ನೆನಪಿಸಿದ ಸಂಗತಿಯೊಂದು ಚುಚ್ಚುವಂತಿದೆ. ದೇಶಕ್ಕೆ ದೇಶವೇ ಪಾನನಿಷೇಧಕ್ಕೆ ಒಳಗಾದಾಗ, ಅದನ್ನು ಜಾರಿ ಮಾಡಲು 1919ರಲ್ಲಿ ಬಂದ ವೋಲ್ಸ್‌ಟೆಡ್ ಕಾಯಿದೆ ಚರ್ಚಿನ ಪವಿತ್ರ ದ್ರಾಕ್ಷಾರಸವನ್ನು ಕೈಬಿಟ್ಟಿತ್ತು. ಯಾವ ಪಾದ್ರಿಯೂ ಭತ್ಯೆಗಾಗಿ ಕೋರ್ಟಿಗೆ ಅಲೆಯಬೇಕಾಗಲಿಲ್ಲ. ಸದನದ ಬೆಂಚುಗಳಲ್ಲಿ ಕೂತವರು ಭಾನುವಾರ ಆ ಬಟ್ಟಲಿಗೆ ತುಟಿ ಒಡ್ಡುತ್ತಿದ್ದವರೇ. ಕೇಳುವ ಮೊದಲೇ ವಿನಾಯಿತಿ ಸಿಕ್ಕಿತ್ತು. ಕಳ್ಳಿ ತಿನ್ನುವವರಿಗೆ ಆ ಬೆಂಚಿನಲ್ಲಿ ನೆಂಟರಿರಲಿಲ್ಲ.

ಹಕ್ಕು ಬೇಕಾದರೆ ಮತ ಗೆದ್ದು ಬಾ ಎನ್ನುವುದಾದರೆ ಹಕ್ಕುಗಳ ಪಟ್ಟಿ ಯಾಕಿರಬೇಕು? ಈ ಪ್ರಶ್ನೆಯನ್ನು ಅಮೆರಿಕ ಸ್ಮಿತ್ ಮೊಕದ್ದಮೆಗೂ ಅರ್ಧ ಶತಮಾನ ಮೊದಲೇ ಶಾಲಾಮಕ್ಕಳ ಎದುರು ಎದುರಿಸಿತ್ತು. ಯೆಹೋವನ ಸಾಕ್ಷಿಗಳ ಮಕ್ಕಳು ಧ್ವಜಕ್ಕೆ ವಂದನೆ ಸಲ್ಲಿಸಲೊಪ್ಪದೆ ಶಾಲೆಯಿಂದ ಹೊರಬಿದ್ದಾಗ, 1940ರಲ್ಲಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಬರೆದ ತೀರ್ಪು ಶಾಲೆಯ ಪರ ನಿಂತಿತು. ಎಂಟಕ್ಕೆ ಒಂದು. ಅದರ ಬೆನ್ನಲ್ಲೇ ಊರೂರುಗಳಲ್ಲಿ ಆ ಪಂಥದವರ ಮೇಲೆ ಹಲ್ಲೆಗಳಾದವು. ಮೇಯ್ನ್ ರಾಜ್ಯದ ಕೆನೆಬಂಕ್‌ನಲ್ಲಿ ಅವರ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಬಿತ್ತು. ಮೂರೇ ವರ್ಷದಲ್ಲಿ, 1943ರ ಜೂನ್ 14ರ ಧ್ವಜ ದಿನದಂದೇ, ಕೋರ್ಟು ತನ್ನ ಮಾತನ್ನು ತಾನೇ ನುಂಗಿತು. ಕೆಲವು ಸಂಗತಿಗಳನ್ನು ಬಹುಮತದ ಕೈಗೆಟುಕದಂತೆ ಎತ್ತಿಡುವುದೇ ಹಕ್ಕುಗಳ ಪಟ್ಟಿಯ ಉದ್ದೇಶ ಎಂದರು ರಾಬರ್ಟ್ ಜಾಕ್ಸನ್. ಫ್ರಾಂಕ್‌ಫರ್ಟರ್ ಪಟ್ಟು ಬಿಡಲಿಲ್ಲ. ಇತಿಹಾಸದಲ್ಲಿ ಅತಿ ಹೆಚ್ಚು ಕಾಡಿಸಿಕೊಂಡ ಅಲ್ಪಸಂಖ್ಯಾತರಲ್ಲಿ ತಾನೂ ಒಬ್ಬ ಯಹೂದಿ, ಆದರೂ ನ್ಯಾಯಾಧೀಶನ ಸ್ವಂತ ಒಲವು ಕಾನೂನಾಗಕೂಡದು ಎಂದು ಬರೆದರು. ಅವರನ್ನು ನಿಷ್ಕರುಣಿ ಎಂದು ತಳ್ಳಿಹಾಕುವುದು ಸುಲಭ. ಆಯ್ಕೆಯಾಗದ ಒಂಬತ್ತು ಮಂದಿ ಆಯ್ಕೆಯಾದ ನೂರಾರು ಮಂದಿಯ ಮಾತನ್ನು ಯಾವ ಬಲದಿಂದ ಅಳಿಸಬೇಕು ಎಂಬ ಅವರ ಕಳವಳವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.

ಸ್ಕಲಿಯಾ ತೋರಿಸಿದ ಬಾಗಿಲನ್ನು ಜನ ನಿಜಕ್ಕೂ ತಟ್ಟಿದರು. ಎಂದೂ ಒಂದೇ ಪಂಕ್ತಿಯಲ್ಲಿ ಕೂರದ ಇವಾಂಜೆಲಿಕಲ್ ಸಂಘಗಳು, ಯಹೂದಿ ಸಂಸ್ಥೆಗಳು, ನಾಗರಿಕ ಹಕ್ಕುಗಳ ವಕೀಲರು ಒಟ್ಟಾದರು. ಆದರೂ ಮಸೂದೆಗೆ ಮೂರು ವರ್ಷ ಹಿಡಿಯಿತು. ಅಲ್ಲಿ ಎರಡೂ ಸದನಗಳು ಒಂದೇ ಪಠ್ಯವನ್ನು ಅಕ್ಷರ ಆಚೀಚೆಯಾಗದಂತೆ ಒಪ್ಪಬೇಕು, ಆಮೇಲೆ ಅಧ್ಯಕ್ಷರ ಸಹಿ ಬೀಳಬೇಕು; ಬಹುಪಾಲು ಮಸೂದೆಗಳು ಸಮಿತಿಯ ಮೆಟ್ಟಿಲಲ್ಲೇ ಕಣ್ಣುಮುಚ್ಚುತ್ತವೆ. 1993ರ ಮೇ ತಿಂಗಳಲ್ಲಿ ಪ್ರತಿನಿಧಿ ಸಭೆ ಇದನ್ನು ಧ್ವನಿಮತದಿಂದ ದಾಟಿಸಿತು. ಸೆನೆಟ್ಟಿನಲ್ಲಿ ಡೆಮಾಕ್ರಾಟ್ ಎಡ್ವರ್ಡ್ ಕೆನಡಿ, ರಿಪಬ್ಲಿಕನ್ ಆರಿನ್ ಹ್ಯಾಚ್ ಜೊತೆಯಾಗಿ ಮುನ್ನಡೆಸಿದರು. ಅಲ್ಲಿ ಒಂದೇ ಒಂದು ಪದ ಸೇರಿತು: ಬರಿಯ ಹೊರೆಯಲ್ಲ, ‘ಗಣನೀಯ’ ಹೊರೆ. ಆ ಪದದ ಅಳತೆಯೆಷ್ಟು ಎಂದು ವಕೀಲರು ಮೂವತ್ತು ವರ್ಷದಿಂದ ವಾದಿಸುತ್ತಲೇ ಇದ್ದಾರೆ. 97ಕ್ಕೆ 3 ಮತಗಳಿಂದ ಗೆದ್ದ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯಿದೆಗೆ ಬಿಲ್ ಕ್ಲಿಂಟನ್ ನವೆಂಬರ್ 16ರಂದು ಸಹಿ ಹಾಕಿದರು. ಶರ್ಬರ್ಟ್ ಅವರ ಒರೆಗಲ್ಲು ಕಾನೂನಿನ ರೂಪದಲ್ಲಿ ಮರಳಿ ಬಂತು.

ನಾಲ್ಕು ವರ್ಷವೂ ತುಂಬಲಿಲ್ಲ. ಟೆಕ್ಸಾಸಿನ ಬರ್ನಿ ಪಟ್ಟಣದ ಕ್ಯಾಥೊಲಿಕ್ ಚರ್ಚಿಗೆ ಭಾನುವಾರ ಜಾಗ ಸಾಲುತ್ತಿರಲಿಲ್ಲ. ಹಿಗ್ಗಿಸಲು ಹೊರಟರೆ ಅದು ಪಾರಂಪರಿಕ ವಲಯವೆಂದು ನಗರಾಡಳಿತ ಪರವಾನಗಿ ಕೊಡಲಿಲ್ಲ. ಹೊಸ ಕಾಯಿದೆ ಹಿಡಿದು ಹೋದ ಆರ್ಚ್‌ಬಿಷಪ್ಪರಿಗೆ 1997ರಲ್ಲಿ ಸುಪ್ರೀಂ ಕೋರ್ಟಿನಿಂದ ಸಿಕ್ಕಿದ್ದು ಪಾಠ. ಹಕ್ಕುಗಳನ್ನು ಜಾರಿ ಮಾಡುವುದು ಕಾಂಗ್ರೆಸ್ಸಿನ ಕೆಲಸ, ಹಕ್ಕಿನ ಅರ್ಥ ಬದಲಿಸುವುದಲ್ಲ. ರಾಜ್ಯಗಳ ಮೇಲೆ ಈ ಕಾಯಿದೆ ಹೇರುವಂತಿಲ್ಲ ಎಂದಿತು ಆರಕ್ಕೆ ಮೂರರ ತೀರ್ಪು. ಶಾಸನಸಭೆಗೆ ಹೋಗಿ ಎಂದದ್ದೂ ಕೋರ್ಟೇ, ಅಲ್ಲಿಂದ ತಂದದ್ದನ್ನು ರಾಜ್ಯಗಳ ಮಟ್ಟಿಗೆ ಹರಿದು ಹಾಕಿದ್ದೂ ಕೋರ್ಟೇ. ಕೇಂದ್ರ ಸರ್ಕಾರದ ವಿಷಯದಲ್ಲಿ ಮಾತ್ರ ಕಾಯಿದೆ ಜೀವಂತ ಉಳಿಯಿತು.

ಅಷ್ಟು ಜಗಳದ ನಡುವೆಯೂ ಅಮೆರಿಕದ ನ್ಯಾಯಾಧೀಶರು ಒಂದು ಕಡೆ ಕಾಲಿಡಲು ಹಿಂಜರಿದರು: ಒಂದು ಆಚರಣೆ ಆ ಧರ್ಮಕ್ಕೆ ಮುಖ್ಯವೋ ಅಲ್ಲವೋ ಎಂದು ಅಳೆಯಲು. ಭಾರತದ ದಾರಿ ಬೇರೆಯಾಯಿತು, ಅದು ಕವಲೊಡೆದದ್ದು ಉಡುಪಿಯಿಂದ. ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಪೂಜೆಯ ಸರದಿಯಾದ ಪರ್ಯಾಯದ ಖರ್ಚು, ಸಾಲ, ಅದರ ಮೇಲೆ ಮದ್ರಾಸ್ ಸರ್ಕಾರದ ಹಿಡಿತ ಇವೆಲ್ಲ ಸೇರಿ ಹುಟ್ಟಿದ ಮೊಕದ್ದಮೆಯಲ್ಲಿ, 1954ರಲ್ಲಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಅಮೆರಿಕದ ಹಳೆಯ ತೀರ್ಪೊಂದರ ವ್ಯಾಖ್ಯೆಯನ್ನು ಎತ್ತಿಕೊಂಡು ಬದಿಗಿಟ್ಟರು. ಧರ್ಮವೆಂದರೆ ಸೃಷ್ಟಿಕರ್ತನ ಜೊತೆಗಿನ ಸಂಬಂಧ ಎಂದರೆ, ದೇವರನ್ನೇ ಒಪ್ಪದ ಬೌದ್ಧರು, ಜೈನರು ಎಲ್ಲಿ ಹೋಗಬೇಕು? ಯಾವುದು ಧರ್ಮದ ಅವಶ್ಯ ಅಂಗ ಎಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದರು. ಮುಂದಿನ ಕೋರ್ಟುಗಳು ಆ ತಿಳಿಯುವ ಕೆಲಸವನ್ನು ತಾವೇ ವಹಿಸಿಕೊಂಡವು. 2022ರಲ್ಲಿ ಕರ್ನಾಟಕ ಹೈಕೋರ್ಟು ಹಿಜಾಬ್ ಇಸ್ಲಾಮಿನ ಅವಶ್ಯ ಆಚರಣೆಯಲ್ಲ ಎಂದದ್ದು ಇದೇ ಕವಲಿನ ತುದಿಯಲ್ಲಿ. ಅದೇ ವರ್ಷ ಭಾರತದ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಬ್ಭಾಗವಾದರು. ಇನ್ನೊಬ್ಬರ ದೇವರಿಗೆ ಏನು ಬೇಕೆಂದು ಹೇಳುವುದಕ್ಕಿಂತ ಸ್ಕಲಿಯಾರ ಹಿಂಜರಿಕೆಯೇ ಮೇಲೇನೋ ಎಂದು ಇಂಥ ಹೊತ್ತಿನಲ್ಲಿ ಅನ್ನಿಸದಿರದು.

ಅಮೆರಿಕದ ಕಾಂಗ್ರೆಸ್ ಸುಮ್ಮನೆ ಕೂರಲಿಲ್ಲ. 2000ದಲ್ಲಿ, ಪೂಜಾಸ್ಥಳಗಳ ಭೂಬಳಕೆ ಹಾಗೂ ಕೈದಿಗಳ ಆಚರಣೆ ಎಂಬ ಎರಡೇ ವಿಷಯಕ್ಕೆ ಸೀಮಿತವಾದ ಕಾಯಿದೆ ತಂದು ರಾಜ್ಯಗಳನ್ನೂ ಕಟ್ಟಿಹಾಕಿತು. ಕ್ಯಾಲಿಫೋರ್ನಿಯಾದ ಯೂಬಾ ಸಿಟಿಯಲ್ಲಿ ಗುರುದ್ವಾರ ಕಟ್ಟಲು ಎರಡೆರಡು ಬಾರಿ ಪರವಾನಗಿ ನಿರಾಕರಿಸಿಕೊಂಡ ಸಿಖ್ಖರು 2006ರಲ್ಲಿ ಗೆದ್ದದ್ದು ಅದರ ಬಲದಿಂದ. ಅದೇ ವರ್ಷ ಬ್ರೆಜಿಲ್ ಮೂಲದ ಸಣ್ಣ ಪಂಥವೊಂದು, ಮತ್ತೇರಿಸುವ ಹೊವಾಸ್ಕಾ ಕಷಾಯವನ್ನು ಪೂಜೆಯಲ್ಲಿ ಕುಡಿಯುವ ಹಕ್ಕನ್ನು 1993ರ ಕಾಯಿದೆಯಡಿ ಸುಪ್ರೀಂ ಕೋರ್ಟಿನ ಸರ್ವಾನುಮತದ ತೀರ್ಪಿನಿಂದ ಉಳಿಸಿಕೊಂಡಿತು. ಪೆಯೋಟಿಗೆ ವಿನಾಯಿತಿ ಕೊಟ್ಟಮೇಲೆ ಇದಕ್ಕೆ ಮಾತ್ರ ಯಾಕಾಗದು ಎಂದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಸರ್ಕಾರವನ್ನು ಕೇಳಿದರು. 2014ರಲ್ಲಿ ಅದೇ ಕಾಯಿದೆ ಹಾಬಿ ಲಾಬಿ ಎಂಬ ಅಂಗಡಿ ಸರಣಿಯ ಮಾಲೀಕರ ಕೈ ಸೇರಿ, ನೌಕರರ ವಿಮೆಯಿಂದ ಕೆಲವು ಗರ್ಭನಿರೋಧಕಗಳನ್ನು ಬಿಡಿಸಿತು. ಒಂದೇ ಕಾಯಿದೆ ಒಮ್ಮೆ ಸಣ್ಣ ಪಂಥಕ್ಕೆ ಕೊಡೆ, ಇನ್ನೊಮ್ಮೆ ದೊಡ್ಡ ವ್ಯಾಪಾರಕ್ಕೆ ಗುರಾಣಿ.

ಪೆಯೋಟಿಯ ಆ ವಿನಾಯಿತಿ ಪಕ್ಕಾ ಕಾನೂನಾದದ್ದು 1994ರಲ್ಲಿ, ಕಾಂಗ್ರೆಸ್ಸಿನ ಪ್ರತ್ಯೇಕ ತಿದ್ದುಪಡಿಯಿಂದ. ಮೂಲನಿವಾಸಿ ಬುಡಕಟ್ಟಿನವರು ತಮ್ಮ ಸಾಂಪ್ರದಾಯಿಕ ಪೂಜೆಯಲ್ಲಿ ಅದನ್ನು ಬಳಸಿದರೆ ಯಾವ ರಾಜ್ಯವೂ ದಂಡಿಸುವಂತಿಲ್ಲ, ಸೌಲಭ್ಯ ತಪ್ಪಿಸುವಂತಿಲ್ಲ. ಆಲ್ ಸ್ಮಿತ್ ಕೇಳಿದ್ದು ಸರಿಯಾಗಿ ಇದನ್ನೇ. ಮೊಕದ್ದಮೆ ಸೋತು ನಾಲ್ಕು ವರ್ಷದ ಮೇಲೆ ಬಂತು. ಅದೇ ಮೊಕದ್ದಮೆಯಲ್ಲಿ ಅವರ ಪಕ್ಕದಲ್ಲಿದ್ದ ಗೇಲನ್ ಬ್ಲ್ಯಾಕ್ ಬುಡಕಟ್ಟಿನವರಲ್ಲವಾದ್ದರಿಂದ ಈ ಕಾನೂನಿನ ಒಳಗೆ ಬರುವುದಿಲ್ಲ. ಅಂಥವರು ಪ್ರಾಮಾಣಿಕ ಮತಾಚರಣೆಗಾಗಿ ಪೆಯೋಟಿ ಸೇವಿಸಿದ್ದೇವೆಂದು ಕ್ರಿಮಿನಲ್ ಮೊಕದ್ದಮೆಯಲ್ಲಿ ವಾದಿಸಿಕೊಳ್ಳಲು ಒರೆಗಾನ್ ಶಾಸನಸಭೆ 1991ರಲ್ಲೇ ಅವಕಾಶ ಮಾಡಿಕೊಟ್ಟಿತ್ತು. ಆ ರಾಜ್ಯದ ಗಡಿ ದಾಟಿದರೆ ಆ ಕಾನೂನು ಅವರ ಜೊತೆ ಬರುವುದಿಲ್ಲ.