ಖಜಾನೆಯ ಕೆಳಗಿನ ಹಳೇ ಬಟ್ಟೆಗಳು

(ಓದತಕ್ಕ ಭಾಗ: ಯೆರೆಮೀಯ 38ನೆಯ ಅಧ್ಯಾಯ, 7ರಿಂದ 13ರ ವರೆಗೆ)



ಬಾಬೆಲಿನ ಸೈನ್ಯವು ಯೆರೂಸಲೇಮನ್ನು ಮುತ್ತಿದ ಕಾಲದಲ್ಲಿ ಪ್ರವಾದಿಯಾದ ಯೆರೆಮೀಯನನ್ನು ಅವನ ವೈರಿಗಳು ಕಾವಲಿನ ಅಂಗಳದಲ್ಲಿದ್ದ ಬಾವಿಯೊಳಗೆ ಇಳಿಸಿಬಿಟ್ಟರು. ಆ ಬಾವಿಯಲ್ಲಿ ನೀರಿರಲಿಲ್ಲ, ಕೆಸರು ಮಾತ್ರ ಇತ್ತು. ಪ್ರವಾದಿಯು ಅದರಲ್ಲಿ ಹೂತುಹೋದನು. ಅರಮನೆಯ ಸೇವಕನಾಗಿದ್ದ ಕೂಷ್ಯನಾದ ಎಬೆದ್ಮೆಲೆಕನು ಇದನ್ನು ಕೇಳಿ, ಅರಸನಾದ ಚಿದ್ಕೀಯನ ಅಪ್ಪಣೆಯನ್ನು ಪಡೆದು, ಆಳುಗಳನ್ನು ಕೂಡಿಸಿಕೊಂಡು ಹೊರಟನು. ಆದರೆ ಅವನು ನೆಟ್ಟಗೆ ಬಾವಿಗೆ ಹೋಗಲಿಲ್ಲ. ಮೊದಲು ಖಜಾನೆಯ ಕೆಳಗಿನ ಕೋಣೆಯನ್ನು ಹೊಕ್ಕು, ಅಲ್ಲಿದ್ದ ಹಳೇ ಚಿಂದಿಗಳನ್ನೂ ಹರಕು ಬಟ್ಟೆಗಳನ್ನೂ ತೆಗೆದುಕೊಂಡನು. ಅವುಗಳನ್ನು ಹಗ್ಗದಿಂದ ಬಾವಿಯೊಳಗೆ ಇಳಿಸಿ, ಕಂಕುಳುಗಳಿಗೆ ಹಗ್ಗವು ಒತ್ತದಂತೆ ನಡುವೆ ಇಟ್ಟುಕೊಳ್ಳಬೇಕೆಂದು ಪ್ರವಾದಿಗೆ ಹೇಳಿದನು. ಆ ಮೇಲೆಯೇ ಅವನನ್ನು ಮೇಲಕ್ಕೆ ಎಳೆದರು.

ಈ ಭಾಗವನ್ನು ನಾವು ಓದುವಾಗ ಎಬೆದ್ಮೆಲೆಕನ ಧೈರ್ಯವನ್ನು ಹೊಗಳಿ ಮುಂದಕ್ಕೆ ಹೋಗುತ್ತೇವೆ. ಚಿಂದಿಗಳ ಕಡೆಗೆ ನಮ್ಮ ಕಣ್ಣು ಹೋಗುವದು ಕಡಿಮೆ. ಖಜಾನೆಯ ಬೆಳ್ಳಿಬಂಗಾರವು ಆ ದಿನ ಪ್ರವಾದಿಗೆ ಉಪಯೋಗವಾಗಲಿಲ್ಲ. ಅದರ ಕೆಳಗೆ ಯಾರಿಗೂ ಬೇಡವಾಗಿ ಬಿದ್ದಿದ್ದದ್ದು ಉಪಯೋಗವಾಯಿತು. ಅಷ್ಟು ಅವಸರದಲ್ಲಿಯೂ ಆ ಸೇವಕನಿಗೆ ಅವು ಎಲ್ಲಿವೆ ಎಂಬುವದು ತಿಳಿದಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ತಿಂಗಳು ನಾವು ನಮ್ಮ ನಮ್ಮ ಮನೆಗಳ ಬಟ್ಟೆಯ ಬೀರುವಿನ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ.

ಮಳೆಗಾಲ ಮುಗಿದಿದೆ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಬೀರುವಿನ ಬಾಗಲನ್ನು ತೆರೆದ ಕೂಡಲೇ ಬೂಷ್ಟಿನ ವಾಸನೆಯು ಮೂಗಿಗೆ ಬಡಿಯುವ ದಿವಸಗಳಿವು. ಬಯಲು ಸೀಮೆಯವರಿಗೆ ಬೂಷ್ಟಿನ ಕಾಟ ಕಡಿಮೆಯಾದರೂ ಬೀರು ತುಂಬಿರುವದರಲ್ಲಿ ಭೇದವಿಲ್ಲ. ಒಳಗೆ ಏನಿದೆ? ದಿನಾಲು ಉಡುವ ಹತ್ತು ಬಟ್ಟೆಗಳು ಎದುರಿಗೆ ಇವೆ. ಅವುಗಳ ಹಿಂದೆ, ಒಳ್ಳೆಯ ದಿನ ಬರಲಿ ಎಂದು ಎತ್ತಿಟ್ಟು ಎಷ್ಟೋ ಒಳ್ಳೆಯ ದಿನಗಳು ಬಂದುಹೋದರೂ ಮಡಿಕೆ ಬಿಚ್ಚದ ಸೀರೆಗಳು. ಮೈ ಇಳಿದರೆ ಹಾಕಿಕೊಳ್ಳಬಹುದೆಂದು ಇಟ್ಟ ಅಂಗಿಗಳು. ಮಗನು ಕಾಲೇಜು ಮುಗಿಸಿದರೂ ಹೊರಗೆ ಹೋಗದ ಅವನ ಶಾಲೆಯ ಚಡ್ಡಿಗಳು. ರವಕೆಯ ಕಣಗಳ ಮಾತನ್ನಂತೂ ಹೇಳತಕ್ಕದ್ದೇ ಇಲ್ಲ. ಒಂದು ಮದುವೆಯಲ್ಲಿ ಬಂದದ್ದು ಇನ್ನೊಂದು ಮದುವೆಗೆ ಹೋಗಿ, ಊರೆಲ್ಲಾ ಸುತ್ತಿ, ಯಾರ ಮೈಗೂ ತಾಗದೆ ಕೊಟ್ಟವರ ಮನೆಗೇ ಮರಳಿ ಬಂದ ಕಣಗಳು ಉಂಟು.

ಆಕಾನನು ಯೆರಿಕೋವಿನ ಕೊಳ್ಳೆಯಲ್ಲಿ ಶಿನಾರ್ ದೇಶದ ಅಂದವಾದ ನಿಲುವಂಗಿಯನ್ನು ಕದ್ದು ಡೇರೆಯೊಳಗೆ ಹೂತಿಟ್ಟನೆಂದು ಯೆಹೋಶುವನ ಪುಸ್ತಕದಲ್ಲಿ ಓದುತ್ತೇವೆ. ನಮ್ಮ ಬಟ್ಟೆಗಳು ಕದ್ದವುಗಳಲ್ಲ, ಸರಿ. ಆದರೂ ಆ ಅಂಗಿಯನ್ನು ಆಕಾನನು ಒಂದು ದಿನವಾದರೂ ತೊಟ್ಟುಕೊಂಡನೆಂದು ಬರೆದಿಲ್ಲ ಎಂಬುವದನ್ನು ಗಮನಿಸಬೇಕು. ಮಣ್ಣಿನೊಳಗೆ ಇಟ್ಟರೂ ಬೀರುವಿನಲ್ಲಿ ಇಟ್ಟರೂ ಉಡದ ಬಟ್ಟೆಯಿಂದ ಯಾರಿಗೂ ಚಳಿ ಹೋಗುವದಿಲ್ಲ.

ಕರ್ತನು ಬೆಟ್ಟದ ಮೇಲೆ ಉಪದೇಶ ಮಾಡುವಾಗ ನುಸಿಯ ಮಾತನ್ನೆತ್ತಿದನು. ಆ ದೇಶದವರು ಉಣ್ಣೆಯನ್ನು ಬಹಳವಾಗಿ ಉಡುತ್ತಿದ್ದದರಿಂದ ಕೇಳಿದವರಿಗೆಲ್ಲಾ ಅದು ತಿಳಿದ ವಿಷಯವಾಗಿತ್ತು. ಹಾರಾಡುವ ನುಸಿಯು ಬಟ್ಟೆಯನ್ನು ತಿನ್ನುವದಿಲ್ಲ. ಅದಿಟ್ಟ ತತ್ತಿಯಿಂದ ಹೊರಡುವ ಹುಳವೇ ಉಣ್ಣೆಯನ್ನೂ ರೇಶ್ಮೆಯನ್ನೂ ತಿನ್ನುವದು. ಒಗೆದ ಹತ್ತಿಯನ್ನು ಅದು ಮುಟ್ಟುವದಿಲ್ಲ. ಬೆವರಿನ ಇಲ್ಲವೆ ಅನ್ನಸಾರಿನ ಕಲೆಯಿದ್ದರೆ ಅಲ್ಲಿ ಬಾಯಿ ಹಾಕುವದುಂಟು. ಗಂಜಿ ಹಾಕಿದ ಹತ್ತಿಯನ್ನು ಬೆಳ್ಳಿಯ ಬಣ್ಣದ ಬೇರೊಂದು ಚಿಕ್ಕ ಹುಳವು ಕೆರೆದು ತಿನ್ನುತ್ತದೆ. ಈ ಎರಡಕ್ಕೂ ಕತ್ತಲೆಯೂ ಯಾರೂ ಅಲುಗಾಡಿಸದ ಸ್ಥಳವೂ ಬೇಕು. ಆದದರಿಂದ ಆಗಾಗ್ಗೆ ಉಟ್ಟು, ಒಗೆದು, ಬಿಸಿಲಿಗೆ ಹಾಕುವ ಬಟ್ಟೆಗೆ ಇವುಗಳ ಭಯವು ಕಡಿಮೆ. ನುಸಿಯು ಹುಡುಕುವದು ನಾವು ಮರೆತದ್ದನ್ನೇ.

ಈ ಕಾಲದಲ್ಲಿ ಪಾಲಿಯೆಸ್ಟರ್ ಬಟ್ಟೆಯು ಪ್ರತಿ ಹಳ್ಳಿಗೂ ಬಂದಿದೆ. ಅದು ಭೂಮಿಯಿಂದ ತೆಗೆದ ಎಣ್ಣೆಯಿಂದ ಮಾಡಿದ ನೂಲು; ಅದನ್ನು ನುಸಿ ತಿನ್ನಲಾರದು, ಮಣ್ಣಿನಲ್ಲಿ ಹೂಳಿದರೂ ಬೇಗನೆ ಕೊಳೆಯದು. ಹಿಂದೆ ನುಸಿಯು ವರುಷಕ್ಕೊಮ್ಮೆ ನಮ್ಮ ಪೆಟ್ಟಿಗೆಯೊಳಗೆ ಒಂದು ಪ್ರಸಂಗ ಮಾಡಿ ಹೋಗುತ್ತಿತ್ತು. ಆ ಪ್ರಸಂಗಿಯ ಬಾಯನ್ನು ನಾವು ಕಟ್ಟಿದ್ದೇವೆ. ತೂತು ಬೀಳದ್ದರಿಂದ ತೆಗೆಯುವ ಕಾರಣವಿಲ್ಲ. ಕ್ರಯವೂ ಇಳಿದಿರುವದರಿಂದ ತರುವದಕ್ಕೆ ತಡೆಯಿಲ್ಲ. ಮೊಬೈಲಿನಲ್ಲಿ ಬೆರಳಿಟ್ಟರೆ ಗಂಟು ಬಾಗಲಿಗೆ ಬರುತ್ತದೆ.

ಹಿರಿಯರ ಸಂಗತಿ ಬೇರೆ. ಯುದ್ಧದ ಕಾಲದಲ್ಲಿ, 1943ರಲ್ಲಿ, ಸರಕಾರವು ಹತ್ತಿಯ ಬಟ್ಟೆಯನ್ನೂ ನೂಲನ್ನೂ ನಿಯಂತ್ರಣಕ್ಕೆ ಒಳಪಡಿಸಿತು. ಬಟ್ಟೆ ಸಿಕ್ಕದ ಆ ದಿನಗಳನ್ನು ಕಂಡವರೂ ಅವರ ಕೈಯಲ್ಲಿ ಬೆಳೆದವರೂ ಒಂದು ಚಿಂದಿಯನ್ನಾದರೂ ಎಸೆಯಲಾರರು. ಅಜ್ಜಿಯು ಹಳೇ ಪಂಚೆಯನ್ನು ಹರಿದು ಮಡಚಿಡುವದನ್ನು ಕಂಡು ಮೊಮ್ಮಕ್ಕಳು ನಗತಕ್ಕದ್ದಲ್ಲ. ಹುಟ್ಟಿದ ಕೂಸನ್ನು ಮಲಗಿಸುವದಕ್ಕೆ ಒಗೆದೊಗೆದು ಮೆತ್ತಗಾದ ಹತ್ತಿಯ ಪಂಚೆಗೆ ಸಮಾನವಾದದ್ದು ಅಂಗಡಿಯಲ್ಲಿ ಸಿಕ್ಕುವದಿಲ್ಲ. ಆ ಅಜ್ಜಿಗೂ ಎಬೆದ್ಮೆಲೆಕನಂತೆ ತನ್ನ ಚಿಂದಿಗಳು ಎಲ್ಲಿವೆ ಎಂದು ಗೊತ್ತಿದೆ.

ಹೀಗಿರಲಾಗಿ ಏನು ಮಾಡತಕ್ಕದ್ದು? ಯಾಜಕಕಾಂಡದ 13ನೆಯ ಅಧ್ಯಾಯದ ಕೊನೆಯಲ್ಲಿ ಬೂಷ್ಟು ಹಿಡಿದ ಬಟ್ಟೆಯ ವಿಷಯವಾದ ಕಟ್ಟಳೆಯುಂಟು. ಯಾಜಕನು ಅದನ್ನು ನೋಡಿ ಏಳು ದಿನ ಪ್ರತ್ಯೇಕವಾಗಿಡಬೇಕು. ಮಚ್ಚೆಯು ಹರಡಿದ್ದರೆ ಸುಡಬೇಕು. ಹರಡದಿದ್ದರೆ ಒಗೆಯಿಸಿ ಇನ್ನೂ ಏಳು ದಿನ ಇಡಬೇಕು. ಮಾಸಿಹೋಗಿದ್ದರೆ ಆ ತುಂಡನ್ನು ಮಾತ್ರ ಹರಿದುಹಾಕಬೇಕು. ಉಣ್ಣೆಯ ಒಂದು ತುಂಡಿಗೋಸ್ಕರ ಯಾಜಕನು ಮೂರು ಸಾರಿ ನೋಡುವನು. ಅಷ್ಟು ತಾಳ್ಮೆಯಿಂದ ನಾವು ನಮ್ಮ ಬಟ್ಟೆಗಳನ್ನು ನೋಡಿದ್ದೇವೋ?

ಒಳ್ಳೆಯ ಬಿಸಿಲಿನ ಒಂದು ದಿನ ಬೀರುವಿನಲ್ಲಿರುವದನ್ನೆಲ್ಲಾ ಹೊರಗೆ ತೆಗೆದು ಚಾಪೆಯ ಮೇಲೆ ಹಾಕಿರಿ. ಅರ್ಧ ತೆಗೆದು ಅರ್ಧ ಬಿಟ್ಟರೆ ಮರೆತದ್ದು ಮರೆತೇ ಇರುವದು. ಬರಿದಾದ ಬೀರುವನ್ನು ಒಣಬಟ್ಟೆಯಿಂದ ಒರಸಿ ಗಾಳಿಯಾಡಲು ಬಿಡಿರಿ. ಜರಿಯ ಸೀರೆಯನ್ನು ಉರಿಬಿಸಿಲಿಗೆ ಹಾಕದೆ ನೆರಳಿನ ಗಾಳಿಗೆ ಹಾಕಿ, ಹಳೇ ಮಡಿಕೆಯನ್ನು ಬಿಟ್ಟು ಬೇರೆ ಮಡಿಕೆಯಲ್ಲಿ ಮಡಚಿ, ಹತ್ತಿಯ ಬಿಳೀ ಬಟ್ಟೆಯಲ್ಲಿ ಸುತ್ತಿಡಿರಿ. ಮಡಿಕೆ ಬದಲಾಗದ ಸೀರೆಯು ಆ ಗೆರೆಯಲ್ಲಿಯೇ ಸೀಳುವದು. ನುಸಿಗುಳಿಗೆಯು ಜರಿಗೆ ತಾಗಬಾರದು, ಮಕ್ಕಳ ಕೈಗೂ ಸಿಕ್ಕಬಾರದು. ಇನ್ನು ಒಂದೊಂದು ಬಟ್ಟೆಯನ್ನೂ ಕೈಯಲ್ಲಿ ಹಿಡಿದು, ಕಳೆದ ಕ್ರಿಸ್ತ ಜಯಂತಿಯಿಂದ ಈಚೆಗೆ ಇದು ಯಾರ ಮೈಮೇಲೆ ಇತ್ತು ಎಂದು ಕೇಳಿರಿ. ಉಡುವದನ್ನು ಒಳಗೆ ಇಡಿರಿ. ಗುಂಡಿ ಬಿದ್ದದ್ದನ್ನು ಆ ದಿನವೇ ಹೊಲಿಯಿರಿ. ತೀರ ಸವೆದ ಹತ್ತಿಯು ಮಸಿಬಟ್ಟೆಗೂ ನೆಲ ಒರಸುವದಕ್ಕೂ ಆಗುವದು. ಪಾಲಿಯೆಸ್ಟರನ್ನು ಹಿತ್ತಲಲ್ಲಿ ಸುಡಬೇಡಿರಿ. ಅದು ಕರಗಿ ಕೆಟ್ಟ ಹೊಗೆ ಹೊರಡುವದು. ಯಾಜಕನು ಸುಡಿಸಿದ್ದು ಉಣ್ಣೆ, ನಾರುಬಟ್ಟೆ, ತೊಗಲುಗಳನ್ನು.

ಇಲ್ಲಿ ಒಂದು ಮಾತು. ಪ್ರತಿಯೊಬ್ಬರು ತಮ್ಮ ತಮ್ಮ ಬಟ್ಟೆಯನ್ನೇ ಆರಿಸತಕ್ಕದ್ದು. ಸೊಸೆಯ ಸೀರೆಗಳನ್ನು ಅತ್ತೆಯೂ, ಅತ್ತೆಯ ಪೆಟ್ಟಿಗೆಯನ್ನು ಸೊಸೆಯೂ ಕೇಳದೆ ಬರಿದು ಮಾಡಿ, ದಾನ ಮಾಡಿದೆವು ಎಂದು ಹೇಳಿಕೊಳ್ಳುವದರಲ್ಲಿ ಪುಣ್ಯವಿಲ್ಲ, ಜಗಳವುಂಟು.

ಉಳಿಯುವದು ಯಾರೂ ಉಡದ, ಆದರೂ ಗಟ್ಟಿಯಾದ, ಒಳ್ಳೆಯ ಬಟ್ಟೆಗಳ ರಾಶಿ. ಅದು ನಮ್ಮ ಊಹೆಗಿಂತ ದೊಡ್ಡದಾಗಿರುವದು. 370ರಲ್ಲಿ ಕಪ್ಪದೋಕ್ಯದ ಕೈಸರೈಯದಲ್ಲಿ ಸಭಾಧ್ಯಕ್ಷನಾದ ಬಸಿಲಿಯನು, ಕಣಜಗಳನ್ನು ಕೆಡವಿ ಕಟ್ಟಬೇಕೆಂದಿದ್ದ ಐಶ್ವರ್ಯವಂತನ ವಿಷಯವಾಗಿ ಪ್ರಸಂಗಿಸಿದಾಗ, ಪೆಟ್ಟಿಗೆಯಲ್ಲಿ ಬೀಗಹಾಕಿಟ್ಟ ಅಂಗಿಯು ಅಂಗಿಯಿಲ್ಲದವನ ಸೊತ್ತು ಎಂಬ ಅರ್ಥದಲ್ಲಿ ಮಾತಾಡಿದನು. ನಮಗೆ ಇದು ಕಠಿಣವೆಂದು ತೋರಬಹುದು. ಸ್ನಾನಿಕನಾದ ಯೋಹಾನನು ಎರಡು ಅಂಗಿಗಳಿದ್ದವನಿಗೆ ಹೇಳಿದ್ದನ್ನು ನೆನಸಿದರೆ ಬಸಿಲಿಯನ ಮಾತು ಮೆತ್ತಗೆಯೇ ಇದೆ. ಬೇಕಾದ ಬಟ್ಟೆಯನ್ನು ಇಟ್ಟುಕೊಳ್ಳುವದು ತಪ್ಪಲ್ಲ. ಸೆರೆಯಲ್ಲಿದ್ದ ಪೌಲನು ತಿಮೊಥೆಯನಿಗೆ ಬರೆಯುವಾಗ, ತ್ರೋವದಲ್ಲಿ ಕರ್ಪನ ಬಳಿಯಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತರಬೇಕೆಂದೂ ಚಳಿಗಾಲಕ್ಕೆ ಮುಂಚೆ ಬರಬೇಕೆಂದೂ ಕೇಳಿಕೊಂಡನು. ತನ್ನ ಒಂದು ಮೇಲಂಗಿ ಯಾವ ಊರಿನಲ್ಲಿ ಯಾರ ಮನೆಯಲ್ಲಿ ಇದೆ ಎಂದು ಅಪೊಸ್ತಲನಿಗೆ ಗೊತ್ತಿತ್ತು.

ನಮ್ಮ ಸಭೆಗಳಲ್ಲಿ ಅಂಗಿಯಿಲ್ಲದವರು ಯಾರು ಎಂದು ಕೇಳುವಿರೋ? ಮೈಮುಚ್ಚಲು ಏನೂ ಇಲ್ಲದವರು ಕಡಿಮೆ, ದೇವರಿಗೆ ಸ್ತೋತ್ರ. ಆದರೆ ಕ್ರಿಸ್ತ ಜಯಂತಿಯ ಮುಂಜಾನೆ ಆರಾಧನೆಗೆ ಬಾರದ ಮನೆಗಳನ್ನು ಲೆಕ್ಕ ಮಾಡಿರಿ. ಉಪದೇಶಿಯು ಹೋಗಿ ವಿಚಾರಿಸಿದರೆ ಮಗುವಿಗೆ ಜ್ವರವಿತ್ತು ಎನ್ನುವರು. ಆ ಜ್ವರವು ಹಬ್ಬದ ಮರುದಿನವೇ ಬಿಟ್ಟಿರುವದು. ಎಲ್ಲರ ಮಕ್ಕಳು ಹೊಸ ಅಂಗಿಯಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವಾಗ ತಮ್ಮ ಮಗಳನ್ನು ಮಾಸಿದ ಲಂಗದಲ್ಲಿ ಕರಕೊಂಡು ಬರುವದಕ್ಕೆ ತಾಯಿಗೆ ಮನಸ್ಸು ಬಾರದು. ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ, ಹೊಳೆಯುವ ಬಟ್ಟೆಯವನಿಗೆ ಒಳ್ಳೆಯ ಸ್ಥಳವನ್ನೂ ಕೊಳಕು ಬಟ್ಟೆಯವನಿಗೆ ಕಾಲಬುಡವನ್ನೂ ತೋರಿಸುವ ಸಭೆಯನ್ನು ಗದರಿಸಿದನು. ಆ ಬಡವನಾದರೂ ಒಳಗೆ ಬಂದಿದ್ದನು. ನಮ್ಮಲ್ಲಿ ಅವನು ಹೊಸ್ತಿಲಿನ ವರೆಗೂ ಬರುವದಿಲ್ಲ. ಅವನ ಮಗಳಿಗೆ ಸರಿಯಾಗುವ ಲಂಗವು ಎರಡು ಮನೆ ಆಚೆ, ಬೀರುವಿನ ಕೆಳಗಿನ ಅರೆಯಲ್ಲಿ ನಾಲ್ಕು ವರುಷದಿಂದ ಮಡಚಿಕೊಂಡು ಕೂತಿದೆ.

ಕೊಡುವ ವಿಧವನ್ನೂ ಹೇಳಬೇಕಾಗಿದೆ. 2004ರ ದಶಂಬರ 26ರಲ್ಲಿ ಸಮುದ್ರವು ಉಕ್ಕಿ ನಾಗಪಟ್ಟಣದ ಕರಾವಳಿಯನ್ನು ಹಾಳುಮಾಡಿದಾಗ ದೂರದೂರದ ಊರುಗಳಿಂದ ಲಾರಿಗಳಲ್ಲಿ ಹಳೇ ಬಟ್ಟೆಗಳು ಬಂದವು. ಮೀನುಗಾರರು ಅವುಗಳನ್ನು ಮುಟ್ಟಲಿಲ್ಲ. ಅವು ದಾರಿಯ ಪಕ್ಕದಲ್ಲಿ ರಾಶಿರಾಶಿಯಾಗಿ ಬಿದ್ದವು. ಮನೆಯನ್ನು ಕಳಕೊಂಡವನಿಗೆ ಮಾನವು ಉಳಿದಿರುತ್ತದೆ. ಬೀರುವನ್ನು ಬರಿದು ಮಾಡುವ ಅವಸರದಲ್ಲಿ ನಮ್ಮ ಕಸವನ್ನು ಬಡವನ ಮನೆಗೆ ಸಾಗಿಸಿ ಅದಕ್ಕೆ ದಾನವೆಂದು ಹೆಸರಿಡುವದು ಘೋರವಾದ ವಿಷಯ. ಎಬೆದ್ಮೆಲೆಕನ ಹತ್ತಿರ ಇದ್ದದ್ದು ಚಿಂದಿಯೇ. ಆದರೂ ಅವನು ಅದನ್ನು ಮೇಲಿನಿಂದ ಎಸೆಯದೆ ಹಗ್ಗದಿಂದ ಇಳಿಸಿದನು. ಕೆಸರಿನಲ್ಲಿ ಬಿದ್ದರೆ ಅದು ಒದ್ದೆಯಾಗುವದೆಂದು ಬಲ್ಲವನಾಗಿದ್ದನು. ಕಂಕುಳು ನೋಯುವದೆಂದು ಪ್ರವಾದಿಯು ಹೇಳುವದಕ್ಕೆ ಮುಂಚೆಯೇ ಅವನು ಅದನ್ನು ಆಲೋಚಿಸಿದ್ದನು.

ಆದದರಿಂದ ಕೊಡುವದನ್ನು ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ, ನಮ್ಮ ತಂಗಿಯ ಮಗಳಿಗೆ ಕೊಡುವ ಹಾಗೆ ಮಡಚಿರಿ. ಅಳತೆ ಯಾರದೆಂದು ಯೋಚಿಸಿರಿ. ಹಬ್ಬದ ಹಿಂದಿನ ದಿನ ಕೊಟ್ಟರೆ ಸಾಲದು, ಬಿಗಿಸಡಿಲು ಮಾಡಿಕೊಳ್ಳುವದಕ್ಕೆ ವೇಳೆ ಬೇಕು. ಈ ತಿಂಗಳೇ ಕೊಡಿರಿ. ಆರಾಧನೆ ಮುಗಿದ ಮೇಲೆ ಹೆಸರು ಕೂಗಿ ಹಂಚುವ ಪದ್ಧತಿಯು ಕೆಲವು ಕಡೆಗಳಲ್ಲಿ ಉಂಟು, ಅದು ನಿಂತುಹೋಗಲಿ. ಸ್ತ್ರೀಯರ ಕೂಟದವರಲ್ಲಿ ಆ ಮನೆಗೆ ಹೋಗಿ ಬರುವ ಬಳಕೆಯುಳ್ಳವಳು ಒಬ್ಬಳು ಇದ್ದೇ ಇರುವಳು. ಅವಳ ಕೈಯಲ್ಲಿ ಸಾಯಂಕಾಲದ ಹೊತ್ತು ಕಳುಹಿಸಿರಿ. ಮಕ್ಕಳಿಗಾದರೆ ಒಂದಾದರೂ ಹೊಸದಿರಲಿ. ಹನ್ನಳು ಸಮುವೇಲನಿಗೆ ವರುಷವರುಷವೂ ಚಿಕ್ಕ ನಿಲುವಂಗಿಯನ್ನು ಹೊಲಿದು ತಂದಳು. ಬೆಳೆಯುವ ಮಗುವಿನ ಅಳತೆಯು ದೂರದಲ್ಲಿದ್ದ ಅವಳಿಗೆ ಹೇಗೋ ತಿಳಿಯುತ್ತಿತ್ತು.

ಬೀರುವಿನ ಎಲ್ಲಕ್ಕೂ ಕೆಳಗೆ, ಬೇರೆ ಗಂಟಿನಲ್ಲಿ, ತೀರಿಹೋದವರ ಬಟ್ಟೆಗಳಿರುತ್ತವೆ. ಗಂಡನ ಕೋಟು, ತಾಯಿಯ ಸೀರೆ. ಇವುಗಳನ್ನು ಬೇಗನೆ ಕೊಟ್ಟುಬಿಡಿರಿ ಎಂದು ವಿಧವೆಯನ್ನು ಅವಸರಪಡಿಸುವವರ ಸಂಗಡ ನಾವು ಸೇರುವದಿಲ್ಲ. ಒಂದನ್ನು ಇಟ್ಟುಕೊಳ್ಳಲಿ, ವಾಸನೆ ಹೋಗುವ ವರೆಗೂ ಇಟ್ಟುಕೊಳ್ಳಲಿ. ಆದರೆ ಯೊಪ್ಪದಲ್ಲಿ ದೊರ್ಕಳು ಸತ್ತಾಗ ನಡೆದದ್ದನ್ನು ಅವಳಿಗೆ ಓದಿ ಹೇಳಬಹುದು. ಪೇತ್ರನು ಲುದ್ದದಿಂದ ಬಂದು ಮಾಳಿಗೆಯನ್ನು ಹತ್ತಿದಾಗ ವಿಧವೆಯರು ಅಳುತ್ತಾ ನಿಂತು, ಆಕೆ ತಮ್ಮ ಸಂಗಡ ಇದ್ದಾಗ ಮಾಡಿದ ಅಂಗಿಗಳನ್ನೂ ಹೊದಿಕೆಗಳನ್ನೂ ತೋರಿಸಿದರು. ಅವು ದೊರ್ಕಳ ಪೆಟ್ಟಿಗೆಯಿಂದ ತೆಗೆದವುಗಳಲ್ಲ. ಆ ಹೆಂಗಸರ ಬಳಿಯಲ್ಲಿಯೇ ಇದ್ದವು.

ಧಾರವಾಡ ಗದಗು ಸೀಮೆಯ ಮನೆಗಳಲ್ಲಿ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಒತ್ತೊತ್ತಾಗಿ ದಾರ ಹಾಕಿ ಕೌದಿ ಹೊಲಿಯುವರು. ತಾಯಿಯ ಸೀರೆಗಳನ್ನು ಹೊರಗೆ ಕೊಡಲು ಮನಸ್ಸು ಬಾರದ ಮಗಳು ಅವುಗಳಿಂದ ಎರಡು ಕೌದಿ ಹೊಲಿಯಿಸಲಿ. ಒಂದು ತನ್ನ ಮಕ್ಕಳ ಮೇಲಿರಲಿ. ಇನ್ನೊಂದಕ್ಕೆ ತಕ್ಕ ಮನೆಯು ಆ ಬೀದಿಯಲ್ಲಿಯೇ ಇದೆ, ಮಾರ್ಗಶಿರದ ಚಳಿಯೂ ಬರುತ್ತಾ ಇದೆ.