ಎರಡೇ ಸೀಟು

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿರುವ ನನ್ನ ತಂಗಿ 2018ರಲ್ಲಿ ಒಂದು ದಿನ ಫೋನು ಮಾಡಿ, "ಅಕ್ಕಾ, ಕಾರು ತಗೊಂಡೆ" ಎಂದಳು. ನನ್ನ ಮೊದಲ ಪ್ರಶ್ನೆ, "ಎಷ್ಟು ಜನ ಕೂರಬಹುದೇ?"

"ಇಬ್ಬರು."

"ಮಿಕ್ಕವರು?"

"ಮಿಕ್ಕವರಿಗೆ ಜಾಗವಿಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

1997ರ ಮಜ್ದಾ ಎಂಎಕ್ಸ್-5. ಮೂರು ಕೈ ಬದಲಾಯಿಸಿ ಬಂದದ್ದು. ಎರಡು ಸಾವಿರ ಪೌಂಡು, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ. ಇಲ್ಲಿ ನಮ್ಮ ತಮ್ಮನ ಮನೆ ತಾರಸಿ ಹಾಕಲು ದುಡ್ಡಿಲ್ಲದೆ ನಿಂತಿತ್ತು. ಅದನ್ನು ಅವಳಿಗೆ ನೆನಪಿಸಿದೆ. ಅವಳು ಏನೂ ಹೇಳದೆ ಫೋನಿಟ್ಟಳು.

ಮರುವರ್ಷ ಬೇಸಿಗೆ ರಜೆಗೆ ಅವಳಲ್ಲಿಗೆ ಹೋದೆ. ಟಿಕೆಟ್ಟು ಕಳಿಸಿದವಳೂ ಅವಳೇ. ಆ ಪುಟ್ಟ ಕೆಂಪು ಕಾರಿನ ಆರೈಕೆ ನೋಡಿದರೆ ಅದು ಬರೀ ಷೋಕಿ ಎನ್ನಲು ಮನಸ್ಸಾಗಲಿಲ್ಲ. ಮಡಚುವ ಬಟ್ಟೆಯ ಮಾಡು. ಅದರ ಮೇಲೆ ಬಿದ್ದ ಮಳೆನೀರು ಹರಿದುಹೋಗಲು ಸೀಟಿನ ಹಿಂದೆ ಎರಡು ತೂತು. ಅವುಗಳಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ಒಳಗೇ ನಿಂತು ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ಅಪ್ಪ ಹೆಂಚು ಕೈಯಾಡಿಸುತ್ತಿದ್ದ ಹಾಗೆ ಇವಳು ಆ ತೂತುಗಳನ್ನು ಚೊಕ್ಕ ಮಾಡುತ್ತಾಳೆ. ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆಗೂ ಒಯ್ಯಬೇಕು. 1989ರಲ್ಲಿ ಮೊದಲು ಬಂದ ಈ ಕಾರು 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತಂತೆ. ಹತ್ತು ಲಕ್ಷವೂ ಎರಡೇ ಸೀಟಿನವು! ಕೊಂಡವರೆಲ್ಲ ಸ್ವಾರ್ಥಿಗಳೇ?

ಒಂದು ಭಾನುವಾರ ಬಿಸಿಲು ಬಂತು. ಗಾಜಿನ ಮೇಲಂಚಿನ ಎರಡು ಚಿಲಕ ಬಿಚ್ಚಿ ಮಾಡನ್ನು ಕೈಯಿಂದಲೇ ಹಿಂದಕ್ಕೆ ಮಡಚಿದಳು. ಹ್ಯಾದರ್ಸೇಜ್ ಕಡೆಯ ಗುಡ್ಡದ ದಾರಿ. ಕಲ್ಲುಗೋಡೆಗಳ ನಡುವೆ ಕುರಿಮರಿಗಳು. ನಾನು ತಲೆಗೆ ಸೆರಗು ಬಿಗಿದು ಕೂತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಹೊಳೆಯಿತು: ನಾನು ಮುಂದೆ ಕೂತಿದ್ದೇನೆ! ಈವರೆಗೆ ಯಾವ ಕಾರಿನಲ್ಲಾದರೂ ನನ್ನ ಜಾಗ ಹಿಂದೆಯೇ, ಮಡಿಲಲ್ಲಿ ಮಗು, ಕಾಲ ಬಳಿ ಬುತ್ತಿ. ಇಲ್ಲಿ ಹಿಂದೆ ಎಂಬುದೇ ಇರಲಿಲ್ಲ.

ತಂಗಿ ಆ ದಾರಿಯಲ್ಲಿ, ಗಂಡ ತೀರಿಕೊಂಡ ಮೇಲಿನ ಮೊದಲ ಚಳಿಗಾಲವನ್ನು ಹೇಗೆ ಕಳೆದಳೆಂದು ಹೇಳಿದಳು. ಅಷ್ಟು ವರ್ಷ ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಆದರೂ ಮನೆಯ ಲೆಕ್ಕದಲ್ಲಿ ತಂಗಿ ಕೊಡಬೇಕಾದದ್ದನ್ನಷ್ಟೇ ಕೂಡುತ್ತಾ ಬಂದಿದ್ದೆ. ಅಮ್ಮನ ಆಪರೇಷನ್ನು, ತಮ್ಮನ ಇಂಜಿನಿಯರಿಂಗು ಯಾರ ದುಡ್ಡಿನಲ್ಲಾಯಿತು ಎಂಬುದನ್ನು ಬರೆದುಕೊಂಡಿರಲಿಲ್ಲ. ಹಾಗೆಂದು ತಾರಸಿ ನಿಂತದ್ದು ಸುಳ್ಳಲ್ಲ. ತಮ್ಮ ಸಾಲ ಮಾಡಿದ, ಅದೂ ನಿಜ. ಕೊಡುವುದು ಎಲ್ಲಿಗೆ ಸಾಕು ಎಂದು ಗೆರೆ ಎಳೆಯಲು ಇಂದಿಗೂ ನನಗೆ ಬರುವುದಿಲ್ಲ. ಪ್ರಾಯಶಃ ಆ ಗೆರೆ ಕೊಡುವವರೇ ಎಳೆದುಕೊಳ್ಳಬೇಕು.

ಆದರೆ ಒಂದು ಮಾತು. ಮನೆ ಕೆಲಸ ಶುರುವಾಗುವ ಹಿಂದಿನ ವರ್ಷ ತಮ್ಮ ಹೊಸ ಬೈಕು ಕೊಂಡಿದ್ದ. ಅದರಲ್ಲೂ ಇಬ್ಬರೇ ಕೂರಬಹುದು. "ಮಿಕ್ಕವರು?" ಎಂದು ಅವನನ್ನು ನಾನು ಕೇಳಿರಲಿಲ್ಲ. ಆರತಿ ಎತ್ತಿ, ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದೆ.